ಯಾರ ಪೈಕಿ ನೀವು?

ವಾಡಿ ಜಂಕ್ಷನ್ನಿನಿಂದ ಹೈದರಾಬಾದಿನ ಕಡೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿ ಕುಳಿತರೆ, ಚಿತ್ತಾಪುರ ಬರುವಷ್ಟರಲ್ಲಿ ಎದುರಿನ ಸೀಟಿನ ಹಿರಿಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಯಾವೂರ್ರಿ ನಿಮ್ದು? ಯಾರ ಪೈಕಿ?” ಊರು, ಮನೆತನ, ಸೋದರಮಾವನ ಹೆಸರು ಹೇಳಿದರೆ ಸಾಕು. ಸೇಡಂ ದಾಟುವುದರೊಳಗೆ ಅವರು ನಿಮ್ಮನ್ನು ಯಾವುದಾದರೊಂದು ಬಳ್ಳಿಗೆ ಸೇರಿಸಿ, “ಹಂಗಾದ್ರ ನೀವು ನಮಗ ಅಳಿಯ ಆಗ್ಬೇಕು ನೋಡ್ರಿ” ಎಂದು ತೀರ್ಮಾನ ಹೇಳಿಬಿಟ್ಟಿರುತ್ತಾರೆ.

ಈ ಪ್ರಶ್ನೆಗೆ ಈಗ ಇನ್ನೊಂದು ಬಗೆಯ ಉತ್ತರ ಬರುತ್ತಿದೆ. ಅಂಚೆಯಲ್ಲಿ ಬಂದ ಒಂದು ಪುಟ್ಟ ನಳಿಕೆಯೊಳಗೆ ಉಗುಳಿ, ಮುಚ್ಚಳ ಹಾಕಿ ಮರಳಿ ಕಳಿಸಿದರೆ, ಕೆಲವು ವಾರಗಳಲ್ಲಿ ‘ನೀವು ಯಾರ ಪೈಕಿ’ ಎಂಬುದರ ಪಟ್ಟಿ ಕೈಸೇರುತ್ತದೆ. ಅಮೆರಿಕದಲ್ಲಿ 2000ರ ಸುಮಾರಿಗೆ ಆರಂಭವಾದ ಈ ಮನೆ ಪರೀಕ್ಷೆಯ ವ್ಯಾಪಾರ ಎರಡು ದಶಕಗಳಲ್ಲಿ ಕೋಟಿಗಟ್ಟಲೆ ಜನರನ್ನು ತಲುಪಿತು. ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಕುತೂಹಲಕ್ಕೆಂದು ಇದನ್ನು ಮಾಡಿಸಿಕೊಂಡವರಿದ್ದಾರೆ. ಹೆಚ್ಚಿನವರಿಗೆ ಅದು ವಿನೋದ. ಕೆಲವರಿಗೆ ಮಾತ್ರ ಆ ಹಾಳೆಯಲ್ಲಿ ತಂದೆಯ ಕಡೆಯ ಬಂಧುಗಳ ಬದಲು ಹೆಸರೇ ಕೇಳದ ಅಪರಿಚಿತರು ಕಾಣುತ್ತಾರೆ. ನಲವತ್ತು ವರ್ಷ ಅಪ್ಪ ಎಂದು ಕರೆದವರು ಹುಟ್ಟಿಸಿದ ಅಪ್ಪ ಅಲ್ಲ ಎಂಬುದು ಒಂದು ಸಂಜೆ ತಿಳಿಯುತ್ತದೆ.

ಆಮೇಲೆ ಏನು ಮಾಡಬೇಕು? ಪ್ರಶ್ನೆ ಹೊಸದೆಂದು ತೋರುತ್ತದೆ. ಆದರೆ ಇದರ ಹಿಂದೆ ಒಂಬೈನೂರು ವರ್ಷಗಳ ಕಥೆಯಿದೆ, ಅದರ ಒಂದು ತುದಿ ನಮ್ಮ ಶಹಾಬಾದದ ಪಕ್ಕದಲ್ಲೇ ಇದೆ ಎಂದರೆ ಆಶ್ಚರ್ಯವಾಗಬಹುದು.

ಮರತೂರಿನ ಪಂಡಿತ

ಕಲಬುರಗಿಯಿಂದ ಶಹಾಬಾದಕ್ಕೆ ಹೋಗುವ ರೈಲುದಾರಿಯಲ್ಲಿ ಮರತೂರು ಎಂಬ ಊರು ಸಿಗುತ್ತದೆ. ಮೊದಲು ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದ, ಈಗ ಶಹಾಬಾದ ತಾಲ್ಲೂಕಿನಲ್ಲಿರುವ ಈ ಊರನ್ನು ‘ಮಿತಾಕ್ಷರ’ದ ಕರ್ತೃ ವಿಜ್ಞಾನೇಶ್ವರನ ಊರೆಂದು ಈ ಭಾಗದ ಜನ ಅಭಿಮಾನದಿಂದ ಹೇಳುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076 ಮತ್ತು 1126ರ ನಡುವೆ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನ ಬರೆದ. ಬಂಗಾಳ ಮತ್ತು ಅಸ್ಸಾಂ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆಗೆ ಅದೇ ಆಧಾರ ಗ್ರಂಥವಾಯಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಧೀಶರ ಮೇಜಿಗೂ ಅದು ಏರಿತು.

‘ಸಪಿಂಡ’ ಎಂಬ ಮಾತಿಗೆ ವಿಜ್ಞಾನೇಶ್ವರ ಕೊಟ್ಟ ಅರ್ಥ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಬಂಗಾಳದ ಜೀಮೂತವಾಹನನಿಗೆ ಪಿಂಡವೆಂದರೆ ಶ್ರಾದ್ಧದಲ್ಲಿ ಇಡುವ ಅನ್ನದ ಉಂಡೆ. ಯಾರಿಗೆ ಯಾರು ಪಿಂಡ ಹಾಕಬಲ್ಲರೋ ಅವರು ಸಪಿಂಡರು. ವಿಜ್ಞಾನೇಶ್ವರ ಇದನ್ನು ಒಪ್ಪಲಿಲ್ಲ. ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶಗಳು ಯಾರಲ್ಲಿ ಹರಿದು ಬಂದಿವೆಯೋ ಅವರು ಸಪಿಂಡರು ಎಂದ. ಮಗನಲ್ಲಿ ತಂದೆಯ ಅಂಶವಿದೆ, ತಾಯಿಯ ಅಂಶವೂ ಇದೆ. ಅವರ ಮೂಲಕ ಅಜ್ಜ, ಮುತ್ತಜ್ಜ, ಸೋದರಮಾವ, ಚಿಕ್ಕಮ್ಮಂದಿರ ಜೊತೆಗೂ ಸಂಬಂಧವಿದೆ. ಹೀಗೆ ಎಳೆದರೆ ಲೋಕದವರೆಲ್ಲ ಬಂಧುಗಳಾಗಿಬಿಡುತ್ತಾರೆಂದು, ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿನ ಮಿತಿಯನ್ನು ಎತ್ತಿಹಿಡಿದ.

‘ನಮ್ಮ ಪೂರ್ವಿಕರಿಗೆ ಡಿ.ಎನ್.ಎ. ಗೊತ್ತಿತ್ತು’ ಎಂದು ಬೀಗಲು ಇದು ಸಾಕ್ಷಿಯಾಗದು. ಅವನ ಚಿಂತೆ ಮದುವೆ ಮತ್ತು ಆಸ್ತಿಯದು. ಆದರೂ ಬಂಧುತ್ವವನ್ನು ಮೈಯ ಅಂಶಗಳಿಂದ ಅಳೆಯಬಹುದೆಂಬ ವಿಚಾರ ಈ ಕರಿಮಣ್ಣಿನ ನೆಲಕ್ಕೆ ಹೊಸದೇನಲ್ಲ.

ಅದೇ ಗ್ರಂಥದಲ್ಲಿ ಇದಕ್ಕೆ ಎದುರಾದ ಇನ್ನೊಂದು ವಿಚಾರವೂ ಇದೆ. ಮಕ್ಕಳು ಹನ್ನೆರಡು ಬಗೆಯವರೆಂದು ಸ್ಮೃತಿ ಹೇಳುತ್ತದೆ. ಸ್ವಂತ ಹೆಂಡತಿಯಲ್ಲಿ ಹುಟ್ಟಿದವನು ಔರಸ. ಮದುವೆಗೆ ಮುಂಚೆ ತವರಿನಲ್ಲಿ ಹುಟ್ಟಿದವನು ಕಾನೀನ. ಅವನು ತಾಯಿಯ ತಂದೆಗೆ ಸೇರಿದವನು. ಮದುವೆಯ ಹೊತ್ತಿಗೆ ಬಸಿರಲ್ಲಿದ್ದವನು ಸಹೋಢಜ. ಅವನು ಕೈಹಿಡಿದ ಗಂಡನಿಗೆ ಸೇರಿದವನು. ಮನೆಯೊಳಗೆ ಗುಟ್ಟಾಗಿ ಹುಟ್ಟಿ, ತಂದೆ ಯಾರೆಂದು ಖಚಿತವಾಗದವನು ಗೂಢಜ. ಹೆತ್ತವರು ಬಿಟ್ಟುಹೋದ ಕೂಸನ್ನು ಎತ್ತಿಕೊಂಡು ಸಾಕಿದರೆ ಅಪವಿದ್ಧ. ಕೊಟ್ಟು ಪಡೆದವನು ದತ್ತಕ, ಹಣಕ್ಕೆ ಕೊಂಡವನು ಕ್ರೀತ.

ಈ ಪಟ್ಟಿಯಲ್ಲಿ ಗೂಢಜನಿಗೂ ಒಂದು ಹೆಸರಿದೆ, ಸ್ಥಾನವಿದೆ, ಸರದಿ ಬಂದಾಗ ಪಾಲೂ ಇದೆ. ಇಂಥದ್ದು ಮನೆಗಳಲ್ಲಿ ನಡೆಯುತ್ತದೆ ಎಂದು ಒಪ್ಪಿಕೊಂಡೇ ಶಾಸ್ತ್ರ ಬರೆದವರು ಅವರು. ಹಾಗೆಂದು ಅದನ್ನು ಉದಾರ ವ್ಯವಸ್ಥೆ ಎಂದು ಹೊಗಳಲಾಗದು. ಜಾತಿಯ ಏಣಿ ಅಲ್ಲಿ ಗಟ್ಟಿಯಾಗಿದೆ, ದಾಸಿಯ ಮಗನಿಗೆ ಬೇರೆಯದೇ ಲೆಕ್ಕವಿದೆ, ಹೆತ್ತ ಹೆಣ್ಣಿನ ಮಾತು ಎಲ್ಲೂ ಕೇಳಿಸದು. ನಂತರದ ಶಾಸ್ತ್ರಕಾರರು ಕಲಿಯುಗದ ನೆಪ ಹೇಳಿ ಔರಸ, ದತ್ತಕ ಇಬ್ಬರನ್ನೇ ಉಳಿಸಿಕೊಂಡರು. ಆದರೂ ಒಂದು ಮಾತು ಸ್ಪಷ್ಟ. ‘ಹುಟ್ಟಿಸಿದವರು ಯಾರು’ ಎಂಬುದು ಒಂದು ಪ್ರಶ್ನೆ, ‘ತಮ್ಮದೆಂದು ಒಪ್ಪಿಕೊಂಡವರು ಯಾರು’ ಎಂಬುದು ಇನ್ನೊಂದು ಪ್ರಶ್ನೆ ಎಂದು ಅವರು ತಿಳಿದಿದ್ದರು.

ಹೆಳವರ ಹೊತ್ತಗೆ

ಈ ಎರಡನೆಯ ಪ್ರಶ್ನೆಯ ದಾಖಲೆ ಇಟ್ಟವರು ಉತ್ತರ ಕರ್ನಾಟಕದ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ನಿನ್ನೆ ತೊಟ್ಟಿಲಿಗೆ ಹಾಕಿದ ಕೂಸಿನವರೆಗೆ ಹೆಸರು ಹೇಳುವುದು ಅವರ ವೃತ್ತಿ. ಬದಲಿಗೆ ಜೋಳ, ಬಟ್ಟೆ, ಕೆಲವೊಮ್ಮೆ ಕರು ಸಿಗುತ್ತಿತ್ತು. ತಲೆಮಾರುಗಳ ಹೆಸರುಗಳನ್ನು ಹಿಂದೆ ಬಾಯಿಪಾಠದಲ್ಲೂ ಓಲೆಯಲ್ಲೂ, ಆಮೇಲೆ ದೊಡ್ಡ ಪುಸ್ತಕಗಳಲ್ಲೂ ಕಾಪಾಡಿದರು.

ಹೆಳವ ಬರೆದುಕೊಳ್ಳುವುದು ಮನೆಯವರು ಹೇಳಿದ ಹೆಸರನ್ನು. ದತ್ತು ಬಂದವನು, ಮನೆ ಅಳಿಯ, ಕೂಡಿಕೆಯಾದವಳ ಜೊತೆಗೆ ಬಂದ ಮಗು, ಯಾರನ್ನು ಮನೆ ತನ್ನವರೆಂದಿತೋ ಅವರೆಲ್ಲ ಅವನ ಬಳ್ಳಿಯಲ್ಲಿ ಹೂವು ಕಾಯಿ ಆಗುತ್ತಾರೆ. ಉಗುಳಿನ ಪಟ್ಟಿ ನೋಡುವುದು ಅಂಶವನ್ನು, ಹೆಳವನ ಪಟ್ಟಿ ನೋಡುವುದು ಅಂಗೀಕಾರವನ್ನು. ಎರಡೂ ತಾಳೆಯಾಗದ ಕಡೆ ಸಂಕಟ ಹುಟ್ಟುತ್ತದೆ.

ನ್ಯಾಯಾಲಯಕ್ಕೆ ಬಂದ ರಕ್ತ

1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಮು ಈ ಸಂಕಟಕ್ಕೆ ಒಂದು ಬೀಗ ಹಾಕಿತ್ತು. ಮದುವೆ ಊರ್ಜಿತವಿದ್ದಾಗ, ಅಥವಾ ಅದು ಮುಗಿದು ತಾಯಿ ಮತ್ತೆ ಮದುವೆಯಾಗದಿದ್ದರೆ 280 ದಿನಗಳೊಳಗೆ, ಹುಟ್ಟಿದ ಮಗು ಆ ಗಂಡನದೇ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಗಂಡ ಹೆಂಡಿರು ಕೂಡಿರಲು ಸಾಧ್ಯವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಇದಕ್ಕೆ ಅಪವಾದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 116ನೆಯ ಕಲಮಾಗಿ ಇದು ಮುಂದುವರಿದಿದೆ. ಸ್ಮೃತಿಯ ಗೂಢಜನಿಗೆ ಇಂಗ್ಲಿಷ್ ಉಡುಪು ತೊಡಿಸಿದಂತೆ ಕಂಡರೂ ಉದ್ದೇಶ ಸ್ಪಷ್ಟ. ದೊಡ್ಡವರ ಜಗಳದಲ್ಲಿ ಮಗು ಬೀದಿಗೆ ಬೀಳಬಾರದು.

ಈ ಬೀಗಕ್ಕೆ ಕೀಲಿ ತಯಾರಾದದ್ದು ವಾಡಿಯಿಂದ ಹೊರಟ ಅದೇ ರೈಲು ಹೋಗಿ ನಿಲ್ಲುವ ಊರಿನಲ್ಲಿ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಡಿ.ಎನ್.ಎ. ಬೆರಳಚ್ಚನ್ನು ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್, ಕಟ್ಟುಹಾವಿನ ವಂಶವಾಹಿಗಳ ಅಧ್ಯಯನದಲ್ಲಿ ಸಿಕ್ಕ ತುಣುಕೊಂದನ್ನು ಬಳಸಿ ನಮ್ಮದೇ ಆದ ವಿಧಾನ ರೂಪಿಸಿದರು. ಕೇರಳದ ತಲಶ್ಶೇರಿಯ ಪಿತೃತ್ವದ ದಾವೆಯೊಂದರಲ್ಲಿ ಆ ಕೇಂದ್ರದ ವರದಿಯನ್ನು ಪುರಾವೆಯಾಗಿ ಸ್ವೀಕರಿಸಲಾಯಿತು. 1991ರಲ್ಲಿ ಕೇರಳ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಗುವನ್ನು ತನ್ನದಲ್ಲವೆಂದ ಗಂಡಸಿನ ವಿರುದ್ಧ ಹೆಣ್ಣಿನ ಮಾತಿಗೆ ವಿಜ್ಞಾನ ಸಾಕ್ಷಿ ನುಡಿದ ಸಂದರ್ಭ ಅದು.

ಆಮೇಲಿನ ಮೂರು ದಶಕ ಸುಪ್ರೀಂ ಕೋರ್ಟು ತಕ್ಕಡಿ ಹಿಡಿದೇ ನಿಂತಿದೆ. ಕೇಳಿದವರಿಗೆಲ್ಲ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದೆಂದು 1993ರಲ್ಲಿ ಹೇಳಿತು. 2012ರಲ್ಲಿ ಹಿರಿಯ ರಾಜಕಾರಣಿ ಎನ್.ಡಿ. ತಿವಾರಿಯವರ ರಕ್ತದ ಪರೀಕ್ಷೆ ನಡೆದು, ರೋಹಿತ್ ಶೇಖರ್ ಅವರ ಮಗನೆಂಬುದು ಸಾಬೀತಾಯಿತು. ವಿಜ್ಞಾನದ ಸತ್ಯ ಎದುರಿಗಿರುವಾಗ ಕಾನೂನಿನ ಊಹೆ ಮಣಿಯಬೇಕೆಂದು 2014ರಲ್ಲಿ ನುಡಿದ ಕೋರ್ಟು, 2023ರ ತೀರ್ಪಿನಲ್ಲಿ ಮಗುವಿನ ಕಡೆ ತಿರುಗಿತು. ತಂದೆ ತಾಯಿಯ ವ್ಯಾಜ್ಯದಲ್ಲಿ ತನ್ನ ಹುಟ್ಟನ್ನು ಕೆದಕಿಸಿಕೊಳ್ಳದೆ ಇರುವ ಹಕ್ಕು ಮಗುವಿಗಿದೆ ಎಂದಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲೂ ಮಾನ, ಖಾಸಗಿತನಗಳಿಗೆ ತೂಕ ಕೊಟ್ಟಿತು.

ವಿಚಿತ್ರವೆಂದರೆ, ನ್ಯಾಯಾಧೀಶರು ಇಷ್ಟು ಅಳೆದು ಸುರಿದು ಕೊಡುವ ಅಪ್ಪಣೆಯನ್ನು ಮನೆ ಪರೀಕ್ಷೆ ಕೇಳುವುದೇ ಇಲ್ಲ. ಇಂಥ ಪರೀಕ್ಷೆಗಳ ಬಳಕೆಗೆ ಕಡಿವಾಣ ಹಾಕಲೆಂದು ತಂದ ಡಿ.ಎನ್.ಎ. ತಂತ್ರಜ್ಞಾನ ಮಸೂದೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು.

ಮತ್ತೊಂದು ದಿಕ್ಕಿನಿಂದ ನೋಡಿದರೆ, ಇದೇ ಪರೀಕ್ಷೆ ಅನ್ಯಾಯಕ್ಕೊಳಗಾದವರ ಊರುಗೋಲೂ ಹೌದು. ದೇವದಾಸಿಯರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ತಲೆ ತಗ್ಗಿಸಿದ ಕಥೆ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಆ ಮಕ್ಕಳಿಗೆ ತಂದೆಯನ್ನು ಗುರುತಿಸಿ ಹಕ್ಕು ಕೇಳುವ ದಾರಿ ತೆರೆಯುವ ಮಸೂದೆಗೆ ಕರ್ನಾಟಕ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ಒಬ್ಬರಿಗೆ ಸಿಡಿಲಾಗಿ ಎರಗುವ ಸತ್ಯ ಇನ್ನೊಬ್ಬರಿಗೆ ಬಾಕಿ ಉಳಿದ ನ್ಯಾಯ.

ತಾಂಡಾದಿಂದ ಹೋದ ಕೂಸುಗಳು

ಸೇಡಂ ದಾಟಿದ ರೈಲು ಗಡಿ ಕಳೆದು ತಾಂಡೂರಿನಲ್ಲಿ ನಿಲ್ಲುತ್ತದೆ. ಚಿಂಚೋಳಿಯ ಗುಡ್ಡಗಾಡಿನಿಂದಲೂ ತಾಂಡೂರು ಹತ್ತಿರ. ಗಡಿಯ ಎರಡೂ ಕಡೆ ಲಂಬಾಣಿ ತಾಂಡಾಗಳಿವೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಕಾಗದ ಬೇರೆಯಾದರೂ ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ಕುಲಗಳು ಒಂದೇ, ಬೀಗತನವೂ ಗಡಿ ನೋಡುವುದಿಲ್ಲ.

1999ರಲ್ಲೂ 2001ರಲ್ಲೂ ಆಗಿನ ಆಂಧ್ರಪ್ರದೇಶದಲ್ಲಿ ದತ್ತು ಹಗರಣಗಳು ಬಯಲಾದವು. ತೆಲಂಗಾಣ ಜಿಲ್ಲೆಗಳ ತಾಂಡಾಗಳಿಂದ ಹಸುಗೂಸುಗಳನ್ನು, ಅದರಲ್ಲೂ ಹೆಣ್ಣು ಕೂಸುಗಳನ್ನು, ಬಡ ತಾಯಂದಿರ ಕೈಗೆ ಚಿಲ್ಲರೆ ಹಣವಿತ್ತು ದಳ್ಳಾಳಿಗಳು ಒಯ್ದಿದ್ದರು. ಹೈದರಾಬಾದಿನ ಕೆಲವು ದತ್ತು ಸಂಸ್ಥೆಗಳ ಮೂಲಕ ಆ ಮಕ್ಕಳು ಅಮೆರಿಕ, ಯುರೋಪುಗಳಿಗೆ ದತ್ತು ಹೋಗುತ್ತಿದ್ದರು. ವಿದೇಶಿ ಪೋಷಕರು ತೆರುತ್ತಿದ್ದುದು ಸಾವಿರಾರು ಡಾಲರು. ತಾಂಡೂರಿನ ಮಕ್ಕಳ ಮನೆಯೊಂದರ ಮೇಲೂ ಪೊಲೀಸರು ದಾಳಿ ಮಾಡಿದರು. ಒಪ್ಪಿಗೆ ಪತ್ರಗಳಲ್ಲಿ ಸುಳ್ಳು ಹೆಸರು, ಸುಳ್ಳು ಹೆಬ್ಬೆಟ್ಟುಗಳಿದ್ದವು. ಮಿತಾಕ್ಷರದ ಪಟ್ಟಿಯಲ್ಲಿ ಹಣಕ್ಕೆ ಕೊಂಡವನಿಗೆ ‘ಕ್ರೀತ’ ಎಂಬ ಪ್ರಾಮಾಣಿಕ ಹೆಸರಾದರೂ ಇತ್ತು. ಇಲ್ಲಿ ಕೊಂಡ ಕೂಸು ಕಾಗದದಲ್ಲಿ ‘ಅಪವಿದ್ಧ’ ಆಗುತ್ತಿತ್ತು.

ವಿದೇಶಿ ದತ್ತಿಗೆ ನಿಯಮಗಳಿರಲಿಲ್ಲವೆಂದಲ್ಲ. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರವಾದ ನಿರ್ದೇಶನ ಕೊಟ್ಟಿತ್ತು, 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಹುಟ್ಟಿತ್ತು. ಭಾರತ ಹೇಗ್ ಒಪ್ಪಂದವನ್ನು ಅಂಗೀಕರಿಸಿದ್ದು 2003ರಲ್ಲಿ. ತೊಡಕು ಭಾರತದ ಒಂದು ಮೂಲೆಯದಷ್ಟೇ ಆಗಿರಲಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ತುರ್ಗೌ ಪ್ರಾಂತಗಳು 1973ರಿಂದ 2002ರವರೆಗೆ ಭಾರತದಿಂದ ಬಂದ ದತ್ತು ಮಕ್ಕಳ ಕಡತಗಳನ್ನು ಇತಿಹಾಸಕಾರರಿಂದ ಪರಿಶೀಲಿಸಿದಾಗ ತಾಯಿಯ ಒಪ್ಪಿಗೆ ಪತ್ರಗಳ ಕೊರತೆ ಎದ್ದು ಕಂಡಿತು. 2024ರಲ್ಲಿ ಬಂದ ಆ ಪುಸ್ತಕದ ಶೀರ್ಷಿಕೆಯೇ ‘ತಾಯಿ ಅಜ್ಞಾತ’ ಎಂಬ ಅರ್ಥದ್ದು.

ಆ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. ಕಡತ ಸುಳ್ಳು ಹೇಳಿದರೂ ಉಗುಳು ಹೇಳದು ಎಂಬ ಆಸೆಯಿಂದ ನಳಿಕೆ ತರಿಸುತ್ತಾರೆ. ಇಲ್ಲಿ ಆ ಪರೀಕ್ಷೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ವಂಶವಾಹಿಯ ಆರೇಳು ಲಕ್ಷ ಸ್ಥಾನಗಳನ್ನು ಓದಿ, ಅದೇ ಕಂಪನಿಗೆ ಉಗುಳು ಕಳಿಸಿದ ಇತರರ ಜೊತೆ ತಾಳೆ ನೋಡುತ್ತಾರೆ. ತಂದೆ ಅಥವಾ ತಾಯಿಯೊಡನೆ ಹಂಚಿಕೆ ಅರ್ಧದಷ್ಟು, ಒಂದೇ ತಾಯಿ ಅಥವಾ ಒಂದೇ ತಂದೆಯ ಮಕ್ಕಳೊಡನೆ ಸುಮಾರು ಕಾಲುಭಾಗ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೊಡನೆ ಎಂಟನೆಯ ಒಂದು ಭಾಗ. ಆದರೆ ತಾಂಡಾದ ಯಾಡಿ ಉಗುಳು ಕಳಿಸಿಲ್ಲ. ಆ ಪೆಟ್ಟಿಗೆಯಲ್ಲಿ ಇಲ್ಲದವರು ಪಟ್ಟಿಯಲ್ಲಿ ಬರಲಾರರು. ಬಂದರೆ ಇನ್ನೊಂದು ದೇಶಕ್ಕೆ ದತ್ತು ಹೋದ ಒಡಹುಟ್ಟೋ, ದಾಯಾದಿಯೋ ಬರಬಹುದು.

ಇನ್ನೊಂದು ತೊಡಕು ನಮ್ಮ ಮದುವೆಗಳದು. ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ತಂದುಕೊಳ್ಳುವ ಕಡೆ, ಒಬ್ಬರಿಗೊಬ್ಬರು ಎರಡು ಮೂರು ದಾರಿಯಿಂದ ಬಂಧುಗಳಾಗಿರುತ್ತಾರೆ. ಒಳಗೊಳಗೇ ಮದುವೆಯಾಗುತ್ತ ಬಂದ ಸಮುದಾಯಗಳಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ‘ದಾಯಾದಿ’ ಎಂದು ಬಂದೊಡನೆ ಮನೆಯ ಗುಟ್ಟು ಒಡೆಯಿತೆಂದು ನಂಬುವುದು ತಪ್ಪಾದೀತು. ತಂದೆ ತಾಯಿಯರ ನೇರ ಹೋಲಿಕೆ ಮಾತ್ರ ಬಹುಮಟ್ಟಿಗೆ ಖಚಿತ, ಉಳಿದದ್ದು ಅಂದಾಜು.

ತಿಳಿದ ಮೇಲೆ

ನಿರೀಕ್ಷಿಸದ ಸತ್ಯ ತಿಳಿದವರ ಪಾಡು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ನಂಬಿಕೆ ಬಾರದು, ಪರೀಕ್ಷೆಯೇ ತಪ್ಪಿರಬೇಕೆನಿಸುತ್ತದೆ. ಆಮೇಲೆ ಕನ್ನಡಿಯಲ್ಲಿ ಮೂಗು, ಹುಬ್ಬು ನೋಡಿಕೊಳ್ಳುವುದು. ಆಮೇಲೆ ಸಿಟ್ಟು, ಅದೂ ಬಹುಪಾಲು ತಾಯಿಯ ಮೇಲೆ. ‘ಎಲ್ಲರಿಗೂ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ’ ಎಂಬ ನೋವು ಹುಟ್ಟಿನ ಸಂಗತಿಗಿಂತ ಹೆಚ್ಚು ಚುಚ್ಚುತ್ತದೆ.

ಇಲ್ಲಿ ಅವಸರ ಕೆಟ್ಟದ್ದು. ಇನ್ನೊಂದು ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ನೋಡುವುದು ಮೊದಲ ಹೆಜ್ಜೆ. ಗುಟ್ಟಿನ ಹಿಂದೆ ಏನಿದ್ದೀತೆಂದು ಯೋಚಿಸುವುದು ಎರಡನೆಯದು. ಅದು ಪ್ರೀತಿ ಇದ್ದೀತು, ಬಲಾತ್ಕಾರ ಇದ್ದೀತು, ಮಕ್ಕಳಾಗದ ದಂಪತಿ ವೈದ್ಯರ ಸಲಹೆಯಂತೆ ದಾನಿಯ ನೆರವು ಪಡೆದದ್ದಿದ್ದೀತು, ಇಲ್ಲವೇ ತಂಗಿಯ ಕೂಸನ್ನು ಅಕ್ಕ ತನ್ನದೆಂದು ಸಾಕಿದ್ದಿದ್ದೀತು. ನಲವತ್ತು ವರ್ಷ ಬಾಯಿ ಬಿಡದ ಹೆಣ್ಣು ಸುಮ್ಮನೆ ಬಾಯಿ ಬಿಡದಿರಲಿಲ್ಲ. ಪ್ರಶ್ನೆ ಕೇಳುವುದೇ ಆದರೆ ಅವಳೊಬ್ಬಳನ್ನೇ, ನಾಲ್ಕು ಜನರ ಮುಂದೆ ನಿಲ್ಲಿಸದೆ ಕೇಳಬೇಕು.

ದತ್ತು ಹೋದವರಿಗೆ ಕಾನೂನಿನ ದಾರಿಯೊಂದಿದೆ. 2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದವರು ತಮ್ಮ ಮೂಲ ಹುಡುಕಲು ಸ್ವತಃ ಅರ್ಜಿ ಹಾಕಬಹುದು. ಆದರೆ ಈ ಹಕ್ಕು ಹೆತ್ತವರ ಖಾಸಗಿತನವನ್ನು ಮುರಿಯಬಾರದೆಂದೂ ಅದೇ ನಿಯಮ ಹೇಳುತ್ತದೆ. ಚಿಂಚೋಳಿಯ ಕಡೆಯ ಯಾವುದಾದರೂ ತಾಂಡಾದ ಮುಂದೆ ಕಾರು ನಿಂತು, ವಿದೇಶಿ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ಇಳಿದು ಒಬ್ಬ ಹೆಂಗಸಿನ ಹೆಸರು ಹಿಡಿದು ಕೇಳಿದರೆ, ಆ ಹೆಂಗಸಿನ ಈಗಿನ ಸಂಸಾರದ ಗತಿ ಏನು? ಅವಳು ಎಲ್ಲರ ಮುಂದೆ ‘ನನಗೆ ಗೊತ್ತಿಲ್ಲ’ ಎಂದುಬಿಟ್ಟರೆ, ಸಮುದ್ರ ದಾಟಿ ಬಂದವಳ ಗತಿ ಏನು? ಆ ಮಾತು ಮೊದಲು ನಂಬಿಕೆಯ ಹೆಂಗಸೊಬ್ಬಳ ಬಾಯಿಂದ ಗುಟ್ಟಾಗಿ ಹೋಗಬೇಕು. ‘ಬೇಡ’ ಎನ್ನುವ ಅವಕಾಶ ತಾಯಿಗೆ ಇರಬೇಕು.

ಅಸ್ಸಾಮಿನಲ್ಲಿ ನಡೆದ ಒಂದು ಘಟನೆ ನೆನಪಿಡುವಂಥದು. 2015ರ ಮಾರ್ಚಿನಲ್ಲಿ ಮಂಗಲ್‌ದೋಯಿಯ ಆಸ್ಪತ್ರೆಯಲ್ಲಿ ಎರಡು ಗಂಡು ಕೂಸುಗಳು ಅದಲುಬದಲಾದವು. ಒಂದು ಬೋಡೊ ಕುಟುಂಬ, ಇನ್ನೊಂದು ಮುಸ್ಲಿಂ ಕುಟುಂಬ. ಮಗುವಿನ ಮುಖ ನೋಡಿ ಒಬ್ಬ ತಾಯಿಗೆ ಅನುಮಾನ ಬಂತು, ಡಿ.ಎನ್.ಎ. ಪರೀಕ್ಷೆ ಅದನ್ನು ಖಚಿತಪಡಿಸಿತು. 2018ರ ಜನವರಿಯಲ್ಲಿ ಮಕ್ಕಳನ್ನು ಬದಲಿಸಿಕೊಳ್ಳಲು ಎರಡೂ ಮನೆಯವರು ಸೇರಿದರು. ಮೂರು ವರ್ಷದ ಹತ್ತಿರದ ಮಕ್ಕಳು ಸಾಕಿದ ತಾಯಿಯ ಸೆರಗು ಬಿಡದೆ ಅತ್ತವು. ಎರಡೂ ಮನೆಯವರು ಸಾಕಿದ ಮಗುವನ್ನೇ ಇಟ್ಟುಕೊಳ್ಳಲು ನಿಶ್ಚಯಿಸಿದರು. ಪರೀಕ್ಷೆ ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೆ ಉತ್ತರ ಗೊತ್ತಿದ್ದದ್ದು ಮೊದಲನೆಯ ಪ್ರಶ್ನೆಗೆ ಮಾತ್ರ. ಎರಡನೆಯದಕ್ಕೆ ಆ ಮಕ್ಕಳೇ ಉತ್ತರ ಕೊಟ್ಟರು.

ಋಷಿಮೂಲ, ನದೀಮೂಲ ಕೇಳಬಾರದೆಂದು ನಮ್ಮ ಹಿರಿಯರು ಹೇಳಿದರು. ಈ ಕಾಲದಲ್ಲಿ ಕೇಳಬೇಡಿ ಎಂದರೆ ಯಾರೂ ಕೇಳರು, ಕೇಳದೆ ಇರುವುದು ಎಲ್ಲರಿಗೂ ಒಳ್ಳೆಯದೂ ಅಲ್ಲ. ಹೆತ್ತವರ ಕಾಯಿಲೆಗಳ ತಿಳಿವು ವೈದ್ಯರಿಗೆ ಬೇಕಾಗುತ್ತದೆ. ಕಸಿದುಕೊಂಡ ಮಗುವಿಗೆ ತನ್ನನ್ನು ಕಸಿದುಕೊಂಡರೆಂದು ತಿಳಿಯುವ ಹಕ್ಕಿದೆ. ತೆಲಂಗಾಣದಿಂದ ಹರಿದು ಬರುವ ಕಾಗಿಣಾ ನದಿಯ ಮೂಲ ಹುಡುಕಿಕೊಂಡು ಹೋಗುವವರು ಹೋಗಲಿ. ಹೋಗಿ ಬಂದ ಮೇಲೂ ಸೇಡಂ, ಚಿತ್ತಾಪುರದ ಹೊಲಗಳ ಬಾಯಾರಿಕೆ ನೀಗಿದ ನೀರು ಅದೇ ಎಂಬುದು ಬದಲಾಗದು. ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ಜಾತ್ರೆಯೂ ಹಾಗೆಯೇ ಉಳಿಯುತ್ತದೆ.

ರೈಲಿನ ಆ ಹಿರಿಯರಿಗೆ ಉತ್ತರ ಕೊಡಲು ಒಮ್ಮೊಮ್ಮೆ ಯಾರಾದರೂ ತಡವರಿಸುವುದುಂಟು. ಆಗ ಅವರು ಪ್ರಶ್ನೆಯನ್ನು ಮತ್ತೆ ಕೇಳುವುದಿಲ್ಲ. “ಇರ್ಲಿ ಬಿಡ್ರಿ, ನಮ್ಮವರೇ” ಎಂದು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಕೈಗೆ ಕೊಡುತ್ತಾರೆ.